ಎರೆಮಣ್ಣಿನ ಒಳಗಿನ ಆಕರ್ಷಣ-ವಿಕರ್ಷಣಗಳು: ಕೃಷ್ಣಾತೀರದ ಸವಳು-ಜವಳು ಭೂಮಿಯ ಚರಿತ್ರೆಗೆ ಒಂದು ಪೀಠಿಕೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ರೈತರ ಮಾತಿನಲ್ಲಿ ‘ಸವಳು-ಜವಳು’ ಎಂಬ ಜೋಡುನುಡಿಯೊಂದು ಬಳಕೆಯಲ್ಲಿದೆ. ಸವಳೆಂದರೆ ಉಪ್ಪೇರಿದ ನೆಲ. ಜವಳೆಂದರೆ ನೀರು ಇಂಗದೆ ನಿಂತು ಕೆಟ್ಟ ನೆಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಡದ ಕಪ್ಪು ಎರೆಭೂಮಿಯಲ್ಲಿ ಈ ಎರಡು ಕೆಡುಕುಗಳೂ ಬಹುತೇಕ ಕೂಡಿಯೇ ಕಾಣುವುದರಿಂದ ಮಾತೂ ಜೋಡಿಯಾಗಿಯೇ ಹುಟ್ಟಿರಬೇಕು. ಇಂಥ ಭೂಮಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾಲುವೆ, ಏತ ನೀರಾವರಿ, ಕಬ್ಬು ಮತ್ತು ಸಕ್ಕರೆ ಕಾರಖಾನೆ ಇವುಗಳ ಕ್ರಮವನ್ನು ಹೇಳಿ ವಿಷಯವನ್ನು ಮುಗಿಸುವರು. ಈ ವಿವರಣೆ ತಪ್ಪಲ್ಲ. ಆದರೆ ಅದು ಕೆಡುಕು ಯಾವಾಗ ಬಂದಿತೆಂಬುದನ್ನು ಹೇಳುತ್ತದೆಯೇ ಹೊರತು ಹೇಗೆ ಬಂದಿತೆಂಬುದನ್ನು ಹೇಳುವುದಿಲ್ಲ. ಅಲ್ಲದೆ ಒಂದು ಒಗಟನ್ನು ಅದು ಬಿಡಿಸದೆಯೇ ಉಳಿಸುತ್ತದೆ. ಉಪ್ಪು ಬೆಳ್ಳಗೆ ಮೇಲೆ ಬಂದು ಕಾಣುವ ದಿನಗಳಲ್ಲಿ ನೆಲವು ಇನ್ನೂ ಸಡಿಲಾಗಿದ್ದು ಕುಂಟೆಗೆ ಬಗ್ಗುವುದುಂಟು. ಒಳ್ಳೆಯ ಮಳೆ ಸುರಿದು ಆ ಉಪ್ಪೆಲ್ಲ ತೊಳೆದುಹೋದ ಮೇಲೆ ಅದೇ ನೆಲ ಹಸಿಯಲ್ಲಿ ಅಂಟಾಗಿ, ಒಣಗಿದಾಗ ಕಲ್ಲಾಗಿ, ನೀರನ್ನು ಒಳಕ್ಕೆ ಬಿಡದಂತಾಗುವುದೂ ಉಂಟು. ಉಪ್ಪೇ ಶತ್ರುವಾಗಿದ್ದರೆ ಉಪ್ಪು ಹೋದ ಮೇಲೆ ನೆಲ ಸುಧಾರಿಸಬೇಕಾಗಿದ್ದಿತು. ಹಾಗಾಗುವುದಿಲ್ಲವೇಕೆ?

ಈ ಪ್ರಶ್ನೆಯ ಉತ್ತರವು ಮಣ್ಣಿನ ಅತಿ ಸೂಕ್ಷ್ಮ ಹಾಳೆಗಳ ನಡುವೆ, ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲಾದ ನ್ಯಾನೋಮೀಟರಿನ ಅಳತೆಯಲ್ಲಿ, ವರ್ತಿಸುವ ಎರಡು ಬಲಗಳ ತೂಕದಲ್ಲಿದೆ. ಅವುಗಳಲ್ಲಿ ಒಂದು ಆಕರ್ಷಣ, ಮತ್ತೊಂದು ವಿಕರ್ಷಣ. ಆಕರ್ಷಣದ ಮೂಲವನ್ನು ಕ್ವಾಂಟಮ್ ಸಿದ್ಧಾಂತವಿಲ್ಲದೆ ವಿವರಿಸಲು ಬಾರದು. ಈ ತಿಳಿವಳಿಕೆ ಎರಡು ಬೇರೆ ದಾರಿಗಳಲ್ಲಿ ಬೆಳೆದು ಬಹಳ ತಡವಾಗಿ ಒಂದಾಯಿತು. ಒಂದು ದಾರಿ ಕೆಟ್ಟ ಹೊಲಗಳಿಂದ ಹೊರಟದ್ದು, ಇನ್ನೊಂದು ವಿದ್ಯುದ್ದೀಪದ ಕಾರಖಾನೆಯೊಂದರ ಪ್ರಯೋಗಶಾಲೆಯ ಮೂಲಕ ಹಾದುಬಂದದ್ದು. ಅವೆರಡನ್ನೂ ಕೂಡಿಸಿ ನೋಡಿದರೆ ನಮ್ಮ ಸವಳು-ಜವಳು ಭೂಮಿಯ ಚರಿತ್ರೆಯನ್ನು ಓದುವ ಬಗೆಯೂ ಸ್ವಲ್ಪಮಟ್ಟಿಗೆ ಬದಲಾಗಬೇಕಾಗುವುದೆಂಬುದು ಪ್ರಸ್ತುತ ಲೇಖನದ ವಾದವಾಗಿದೆ.

ಮೊದಲು ಮಣ್ಣಿನ ವಿಚಾರ. ಈ ಐದು ತಾಲ್ಲೂಕುಗಳ ಕಪ್ಪು ಮಣ್ಣಿನ ತಾಯಿಬಂಡೆಯು ದಖ್ಖಣದ ಬಸಾಲ್ಟು, ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ. ಅದು ಶಿಥಿಲವಾಗಿ ಒಡೆದಾಗ ಉಂಟಾಗುವ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವೂ ಅದರ ಬಳಗದವೂ ಪ್ರಧಾನವಾಗಿವೆ. ೧೮೪೭ರಲ್ಲಿ ಫ್ರಾನ್ಸಿನ ಮಾಂಟ್‌ಮೊರಿಲೊನ್ ಎಂಬ ಊರಿನಿಂದ ಈ ಹೆಸರು ಬಂದಿತು. ಇದರ ರಚನೆ ಪುಸ್ತಕದ ಹಾಳೆಗಳಂತೆ. ಒಂದೊಂದು ಹಾಳೆಯ ದಪ್ಪವು ಸುಮಾರು ಒಂದು ನ್ಯಾನೋಮೀಟರ್ ಮಾತ್ರ. ಒಂದು ಗ್ರಾಂ ಶುದ್ಧ ಖನಿಜದ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ೭೫೦ ಚದರ ಮೀಟರಿನಷ್ಟು ಮೈ ದೊರೆಯುವುದು. ಹತ್ತು ಗ್ರಾಮಿಗೆ ಎರಡು ಎಕರೆಗೆ ಸ್ವಲ್ಪವೇ ಕಡಿಮೆ. ಹೊಲದ ವಿಸ್ತೀರ್ಣವನ್ನು ಎಕರೆ-ಗುಂಟೆಗಳಲ್ಲಿ ಬರೆದಿಡುವ ನಮ್ಮ ದಫ್ತರಗಳು ಈ ಒಳಗಿನ ವಿಸ್ತೀರ್ಣದ ಮುಂದೆ ಏನೇನೂ ಅಲ್ಲ! ಮಣ್ಣಿನಲ್ಲಿ ನಡೆಯುವುದೆಲ್ಲ ಈ ಮೈಗಳ ಮೇಲೆಯೇ ನಡೆಯುತ್ತದೆ. ಬೇಸಗೆಯಲ್ಲಿ ಹಾಳೆಗಳ ನಡುವಿನ ನೀರು ಆರಿ ನೆಲ ಕುಗ್ಗಿ ಬಿರುಕು ಬಿಡುವುದು. ಮಳೆಗಾಲದಲ್ಲಿ ನೀರು ಮತ್ತೆ ನಡುವೆ ಸೇರಿ ನೆಲ ಉಬ್ಬುವುದು. ಅಥಣಿಯ ಮಳೆನೆರಳಿನ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳದ ಬೇಸಾಯವು ಶತಮಾನಗಳಿಂದ ಈ ಹೀರಿಕೊಳ್ಳುವ ಗುಣವನ್ನೇ ನಂಬಿ ನಡೆದುಬಂದಿದೆ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ನೆಲವು ತಾನು ಹಿಡಿದಿಟ್ಟ ತೇವದಿಂದಲೇ ಪೈರನ್ನು ಸಾಕುವುದು.

ಪ್ರತಿಯೊಂದು ಹಾಳೆಯ ಮೈಯ ಮೇಲೂ ಋಣ ವಿದ್ಯುದಂಶವಿರುತ್ತದೆ. ಅದನ್ನು ಸರಿದೂಗಿಸಲು ಧನ ವಿದ್ಯುದಂಶವುಳ್ಳ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮುಂತಾದ ಅಯಾನುಗಳು ಹಾಳೆಗಳ ನಡುವೆ ನಿಂತಿರುತ್ತವೆ. ಇವು ಕಾಯಂ ನಿವಾಸಿಗಳಲ್ಲ. ಒಂದು ಹೋಗಿ ಇನ್ನೊಂದು ಬರಬಹುದು. ಈ ಸಂಗತಿಯು ಇಂಗ್ಲೆಂಡಿನಲ್ಲಿ ೧೯ನೆಯ ಶತಮಾನದ ನಡುವಿನಲ್ಲಿ ಪತ್ತೆಯಾಯಿತು. ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಮ್ಸನ್ ಎಂಬಾತನು ಅಮೋನಿಯಂ ಸಲ್ಫೇಟಿನ ದ್ರಾವಣವನ್ನು ಮಣ್ಣಿನ ಮೂಲಕ ಸೋಸಿದಾಗ ಕೆಳಗೆ ಇಳಿದುಬಂದದ್ದು ಕ್ಯಾಲ್ಸಿಯಂ ಸಲ್ಫೇಟ್, ಎಂದರೆ ಜಿಪ್ಸಂ. ಅಮೋನಿಯವು ಮಣ್ಣಿನಲ್ಲಿ ನಿಂತು ಕ್ಯಾಲ್ಸಿಯಂ ಹೊರಬಿದ್ದಿತ್ತು. ಈ ವಿಷಯವನ್ನು ಕೈಗೆತ್ತಿಕೊಂಡ ಜೆ. ಥಾಮಸ್ ವೇ ಎಂಬ ರಸಾಯನಶಾಸ್ತ್ರಜ್ಞನು ೧೮೫೦ ಮತ್ತು ೧೮೫೨ರಲ್ಲಿ ಪ್ರಕಟಿಸಿದ ಲೇಖನಗಳಿಂದ ಅಯಾನು ವಿನಿಮಯದ ಶಾಸ್ತ್ರ ಆರಂಭವಾಯಿತೆನ್ನಬಹುದು. ಗೊಬ್ಬರದ ಚಿಂತೆಯಿಂದ ಹುಟ್ಟಿದ ಈ ಪ್ರಯೋಗದ ಫಲಿತಾಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಕೆಟ್ಟ ಭೂಮಿಯ ಚಿಕಿತ್ಸೆಯು ಇದೇ ಕ್ರಿಯೆಯನ್ನು ಹಿಂದುಮುಂದಾಗಿಸಿದ್ದು ಮಾತ್ರ.

ಇತ್ತ ಹಿಂದೂಸ್ಥಾನದಲ್ಲಿ ಪ್ರಶ್ನೆಯು ಬೇರೊಂದು ರೂಪದಲ್ಲಿ ಎದ್ದಿತು. ಪಶ್ಚಿಮ ಯಮುನಾ ಕಾಲುವೆಯ ಸೀಮೆಯಲ್ಲಿ ೧೯ನೆಯ ಶತಮಾನದ ಮಧ್ಯಭಾಗದ ಹೊತ್ತಿಗೇ ‘ರೇಹ್’ ಎಂಬ ಉಪ್ಪಿನ ಹೊದಿಕೆಯ ಬಗ್ಗೆ ರೈತರ ದೂರುಗಳು ಬಂದಿದ್ದವು. ಮುಂಬಯಿ ಇಲಾಖೆಯ ನೀರಾ ಕಾಲುವೆಯ ಕೆಳಗಿನ ಎರೆಭೂಮಿಯೂ ಅದೇ ದಾರಿ ಹಿಡಿಯಿತು. ಪುಣೆಯಲ್ಲಿದ್ದ ಕೃಷಿ ರಸಾಯನತಜ್ಞ ಹೆರಾಲ್ಡ್ ಮ್ಯಾನ್ ಮತ್ತು ವಿ. ಎ. ತಮ್ಹಾಣೆ ಇವರು ನೀರಾ ಕಣಿವೆಯ ಉಪ್ಪುನೆಲಗಳ ಬಗ್ಗೆ ೧೯೧೦ರಲ್ಲಿ ಹೊರತಂದ ವರದಿಯು ದಖ್ಖಣದ ಕಪ್ಪು ಮಣ್ಣಿನ ಈ ರೋಗದ ಮೊದಲ ಶಾಸ್ತ್ರೀಯ ವಿವರಣೆಗಳಲ್ಲೊಂದು. ಸೋಡಿಯಂ ಹಿಡಿದು ಕೆಟ್ಟ ನೆಲಕ್ಕೆ ಮರಾಠಿಯಲ್ಲಿ ‘ಚೋಪಣ’ ಎಂಬ ಬೇರೆ ಹೆಸರೇ ಇದ್ದಿತು. ಉಪ್ಪಿನ ನೆಲ ಬೇರೆ, ಚೋಪಣ ಬೇರೆ ಎಂಬುದು ರೈತನಿಗೆ ರಸಾಯನಶಾಸ್ತ್ರಕ್ಕಿಂತ ಮೊದಲೇ ಗೊತ್ತಿದ್ದಿತೆಂಬುದಕ್ಕೆ ಈ ಪದವೇ ಸಾಕ್ಷಿ. ರಷ್ಯದ ಗೆದ್ರೊಯಿತ್ಸ್ ಎಂಬ ಮಣ್ಣುವಿಜ್ಞಾನಿಯು ೨೦ನೆಯ ಶತಮಾನದ ಎರಡನೆಯ ದಶಕದಿಂದ ನಡೆಸಿದ ಕೆಲಸದಿಂದ, ದೋಷವು ಮಣ್ಣಿನಲ್ಲಿರುವ ಬಿಡಿ ಉಪ್ಪಿನದ್ದಲ್ಲ, ಜೇಡಿಯ ಹಾಳೆಗಳಿಗೆ ಅಂಟಿದ ಸೋಡಿಯಮ್ಮಿನದು ಎಂಬುದು ಸ್ಪಷ್ಟವಾಯಿತು. ಆದರೆ ಸೋಡಿಯಂ ಏಕೆ ಕೆಡಿಸುತ್ತದೆ, ಕ್ಯಾಲ್ಸಿಯಂ ಏಕೆ ಕಾಪಾಡುತ್ತದೆ ಎಂಬುದು ಹಾಗೆಯೇ ಉಳಿಯಿತು.

ಅದಕ್ಕೆ ಸುಳಿವು ಮಣ್ಣಿನಿಂದ ಬರಲಿಲ್ಲ. ನೀರಿನಲ್ಲಿ ಕರಗದೆಯೂ ತಳಕ್ಕಿಳಿಯದೆಯೂ ತೇಲುತ್ತಿರುವ ನುಣ್ಣನೆಯ ಕಣಗಳ ಮಿಶ್ರಣಕ್ಕೆ ಕಲಿಲವೆಂದು ಹೆಸರು. ಹೊಸನೀರಿನ ಹೊಳೆಯ ರಾಡಿ ಇದಕ್ಕೆ ಉದಾಹರಣೆ. ಇಂಥ ಮಿಶ್ರಣಕ್ಕೆ ಉಪ್ಪು ಹಾಕಿದರೆ ಕಣಗಳು ಒಂದಕ್ಕೊಂದು ಹತ್ತಿ ಗಂಟುಕಟ್ಟಿ ತಳಕ್ಕಿಳಿಯುವುವು. ಜರ್ಮನಿಯ ಷುಲ್ಟ್ಸೆಯು ೧೮೮೨ರಲ್ಲಿಯೂ ಇಂಗ್ಲೆಂಡಿನ ಹಾರ್ಡಿಯು ೧೯೦೦ರಲ್ಲಿಯೂ ತೋರಿಸಿದಂತೆ, ಈ ಕೆಲಸಕ್ಕೆ ಒಂಟಿ ವಿದ್ಯುದಂಶದ ಸೋಡಿಯಂಗಿಂತ ಜೋಡಿ ವಿದ್ಯುದಂಶದ ಕ್ಯಾಲ್ಸಿಯಂ ಬಹಳ ಕಡಿಮೆ ಸಾಕು. ಉಪ್ಪಿಗೆ ಈ ಶಕ್ತಿ ಎಲ್ಲಿಂದ ಬಂದಿತು? ಒಂದೇ ಜಾತಿಯ ವಿದ್ಯುದಂಶವುಳ್ಳ ಕಣಗಳು ಪರಸ್ಪರ ದೂಡುವುದು ಸಹಜ. ಕಣದ ಸುತ್ತ ಕವಿದಿರುವ ಅಯಾನುಗಳ ಮೋಡವು ಎಷ್ಟು ದೂರ ಚಾಚಿದೆಯೋ ಅಷ್ಟು ದೂರ ಈ ದೂಡುವಿಕೆ ನಡೆಯುವುದು. ನೀರಿನಲ್ಲಿ ಉಪ್ಪು ಹೆಚ್ಚಿದಂತೆ ಮೋಡವು ಕುಗ್ಗುವುದು. ಫ್ರಾನ್ಸಿನ ಗೂಯಿ ೧೯೧೦ರಲ್ಲಿ, ಇಂಗ್ಲೆಂಡಿನ ಚಾಪ್‌ಮನ್ ೧೯೧೩ರಲ್ಲಿ ಇದಕ್ಕೆ ಗಣಿತವನ್ನು ಕೊಟ್ಟರು. ಈ ಗಣಿತಕ್ಕೆ ಮುಂದೆ ಸೇರಿದ ಅಳತೆಯಂತೆ, ಅಡಿಗೆಯ ಉಪ್ಪಿನ ದ್ರಾವಣವು ಲೀಟರಿಗೆ ಸಾವಿರದ ಒಂದು ಮೋಲ್‌ನಷ್ಟು ತೆಳ್ಳಗಿದ್ದರೆ ಮೋಡದ ದಪ್ಪ ಸುಮಾರು ೧೦ ನ್ಯಾನೋಮೀಟರ್. ಹತ್ತನೆಯ ಒಂದು ಮೋಲ್ ಆದರೆ ಸುಮಾರು ಒಂದೇ ನ್ಯಾನೋಮೀಟರ್.

ಇಷ್ಟರಿಂದ ದೂಡುವ ಬಲ ಕುಗ್ಗುವುದು ಅರ್ಥವಾಯಿತೇ ಹೊರತು, ಕುಗ್ಗಿದ ಮೇಲೆ ಕಣಗಳು ತಾವಾಗಿ ಹತ್ತಿಕೊಳ್ಳುವುದೇಕೆ ಎಂಬುದು ಅರ್ಥವಾಗಲಿಲ್ಲ. ಸೆಳೆಯುವ ಬಲವೊಂದು ಇರಲೇಬೇಕಾಗಿದ್ದಿತು. ವಿದ್ಯುದಂಶವಿಲ್ಲದ ಅಣುಗಳೂ ಪರಸ್ಪರ ಸೆಳೆಯುವುವೆಂದು ಹಾಲೆಂಡಿನ ವಾನ್ ಡರ್ ವಾಲ್ಸ್ ೧೮೭೩ರಲ್ಲಿಯೇ ಅನಿಲಗಳ ವಿಷಯದಲ್ಲಿ ಊಹಿಸಿದ್ದನು. ಕಾರಣವನ್ನು ಹೇಳಲು ಆತನ ಕಾಲದ ಭೌತವಿಜ್ಞಾನಕ್ಕೆ ಸಾಧ್ಯವಿರಲಿಲ್ಲ. ೧೯೩೦ರಲ್ಲಿ ಫ್ರಿಟ್ಸ್ ಲಂಡನ್ ಕ್ವಾಂಟಮ್ ಸಿದ್ಧಾಂತದಿಂದ ಅದನ್ನು ಹೇಳಿದನು. (ಲಂಡನ್ ಎಂಬುದು ಇಲ್ಲಿ ಊರಲ್ಲ, ಜರ್ಮನಿಯ ಭೌತವಿಜ್ಞಾನಿಯ ಹೆಸರು. ವಿದ್ಯಾರ್ಥಿಗಳು ‘ಲಂಡನ್ ಬಲ’ವನ್ನು ಊರಿಗೆ ಅಂಟಿಸುವುದುಂಟು.) ಪರಮಾಣುವಿನೊಳಗಿನ ಎಲೆಕ್ಟ್ರಾನುಗಳು ಅತ್ಯಂತ ಶೀತದಲ್ಲಿಯೂ ಸಂಪೂರ್ಣ ನಿಶ್ಚಲವಾಗಿರಲಾರವು, ಅವುಗಳಿಗೆ ಶೂನ್ಯಬಿಂದು ಚಲನೆಯೆಂಬ ಕನಿಷ್ಠ ಅಲುಗಾಟವೊಂದು ಇದ್ದೇ ಇರುತ್ತದೆ. ಒಂದರ ಅಲುಗಾಟ ನೆರೆಯದರ ಅಲುಗಾಟಕ್ಕೆ ತಾಳ ಹಾಕಿದಂತೆ ಹೊಂದಿಕೊಂಡಾಗ ಒಟ್ಟು ಶಕ್ತಿ ಕಡಿಮೆಯಾಗಿ ಸೆಳೆತ ಹುಟ್ಟುವುದು. ಹಾಲೆಂಡಿನ ಹಾಮಾಕರ್ ೧೯೩೭ರಲ್ಲಿ ಎರಡು ಕಣಗಳ ಅಣುಗಳೆಲ್ಲವುಗಳ ಸೆಳೆತವನ್ನು ಕೂಡಿಸಿ, ಅದು ಕಣಗಳ ಮಟ್ಟದಲ್ಲಿಯೂ ಅಲ್ಪವಲ್ಲವೆಂದು ಲೆಕ್ಕ ಹಾಕಿ ತೋರಿಸಿದನು.

ದೂಡುವ ಬಲ, ಸೆಳೆಯುವ ಬಲ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಕೀರ್ತಿಯು ಎರಡು ದೇಶಗಳ ನಾಲ್ವರಿಗೆ ಸಲ್ಲಬೇಕು. ಸೋವಿಯೆತ್ ರಷ್ಯದಲ್ಲಿ ದೆರ್ಯಾಗಿನ್ ಮತ್ತು ಲಂದಾವು ಇದನ್ನು ೧೯೪೧ರಲ್ಲಿ ಪ್ರಕಟಿಸಿದರು. ಜರ್ಮನರ ಆಕ್ರಮಣಕ್ಕೊಳಗಾಗಿದ್ದ ಹಾಲೆಂಡಿನಲ್ಲಿ ಫೆರ್ವೇ ಮತ್ತು ಓವರ್‌ಬೇಕ್ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದು, ಯುದ್ಧಾನಂತರ ೧೯೪೮ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ನಾಲ್ವರ ಹೆಸರಿನ ಮೊದಲಕ್ಷರಗಳಿಂದ ಈ ಸಿದ್ಧಾಂತಕ್ಕೆ ಡಿ.ಎಲ್.ವಿ.ಒ. ಎಂಬ ಹೆಸರಾಗಿದೆ. ಇದರಂತೆ ಬಲವಾದ ವಿದ್ಯುದಂಶವುಳ್ಳ ಕಣಗಳನ್ನು ಗಂಟುಕಟ್ಟಿಸಲು ಬೇಕಾಗುವ ಉಪ್ಪಿನ ಪ್ರಮಾಣವು ಅಯಾನಿನ ವಿದ್ಯುದಂಶದ ಆರನೆಯ ಘಾತಕ್ಕೆ ವಿಲೋಮವಾಗಿ ಇಳಿಯುವುದು. ಎಂದರೆ ಸೋಡಿಯಂ ೬೪ ಪಾಲು ಬೇಕಾದಲ್ಲಿ ಕ್ಯಾಲ್ಸಿಯಂ ಒಂದೇ ಪಾಲು ಸಾಕು. ಷುಲ್ಟ್ಸೆ ಮತ್ತು ಹಾರ್ಡಿಯವರ ಹಳೆಯ ನಿಯಮಕ್ಕೆ ಕಾರಣ ದೊರಕಿತು.

ಓವರ್‌ಬೇಕ್ ಕೆಲಸ ಮಾಡುತ್ತಿದ್ದುದು ಐಂಡ್‌ಹೋವನ್ನಿನ ಫಿಲಿಪ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ. ದೀಪ ಮತ್ತು ರೇಡಿಯೋ ಕೊಳವೆಗಳನ್ನು ಮಾಡುವ ಕಾರಖಾನೆಗೆ ನುಣ್ಣನೆಯ ಪುಡಿಗಳ ಲೇಪವು ನಿತ್ಯದ ಅಗತ್ಯ. ಕಲಿಲಗಳ ಚಿಂತೆಯೂ ಅಲ್ಲಿಂದಲೇ. ಅಲ್ಲಿ ದೂರದೂರದ ಕಣಗಳ ವರ್ತನೆಯು ಲಂಡನ್ನನ ಸೂತ್ರಕ್ಕೆ ಹೊಂದಲಿಲ್ಲ. ಅಂತರ ಹೆಚ್ಚಿದಂತೆ ಸೆಳೆತವು ಸೂತ್ರ ಹೇಳುವುದಕ್ಕಿಂತ ಬೇಗ ಕುಂದುವಂತೆ ತೋರಿತು. ಬೆಳಕು ಒಂದು ಅಣುವಿನಿಂದ ಇನ್ನೊಂದಕ್ಕೆ ಹೋಗಿಬರಲು ತಗಲುವ ಕಾಲವೇ ಇದಕ್ಕೆ ಕಾರಣವಾಗಿರಬಹುದೆಂಬ ಓವರ್‌ಬೇಕನ ಸೂಚನೆಯನ್ನು ಅದೇ ಪ್ರಯೋಗಶಾಲೆಯ ಹೆಂಡ್ರಿಕ್ ಕಾಸಿಮಿರ್ ಮತ್ತು ಡರ್ಕ್ ಪೋಲ್ಡರ್ ಕೈಗೆತ್ತಿಕೊಂಡು ನಿಜವೆಂದು ಸಿದ್ಧಪಡಿಸಿದರು. ಉತ್ತರವು ಬಹಳ ಸರಳವಾಗಿದ್ದುದರಿಂದ ಅದಕ್ಕೆ ಸರಳ ಕಾರಣವೂ ಇರಬೇಕೆಂದು ಕಾಸಿಮಿರನಿಗೆ ಅನಿಸಿತು. ನೀಲ್ಸ್ ಬೋರ್‌ನೊಡನೆ ಆಡಿದ ಮಾತಿನಲ್ಲಿ ಶೂನ್ಯಬಿಂದು ಶಕ್ತಿಯ ಪ್ರಸ್ತಾಪ ಬಂದದ್ದೇ ಆತನಿಗೆ ದಾರಿಯಾಯಿತು. ೧೯೪೮ರ ಮೇ ೨೯ರಂದು ನೆದರ್ಲೆಂಡ್ಸಿನ ರಾಯಲ್ ಅಕಾಡೆಮಿಯ ಸಭೆಗೆ ಸಲ್ಲಿಸಿದ ಚಿಕ್ಕ ಲೇಖನದಲ್ಲಿ, ಬರಿಯ ನಿರ್ವಾತದಲ್ಲಿ ಎದುರುಬದುರಾಗಿ ನಿಂತ ಎರಡು ಲೋಹದ ಹಲಗೆಗಳೂ ಪರಸ್ಪರ ಸೆಳೆಯುವುವೆಂದು ಆತನು ತೋರಿಸಿದನು. ನಿರ್ವಾತವೂ ಶೂನ್ಯಬಿಂದುವಿನ ಅಲೆಗಳಿಂದ ತುಂಬಿದೆ. ಹಲಗೆಗಳ ನಡುವೆ ಕೆಲವು ಅಲೆಗಳಿಗೆ ಮಾತ್ರ ಎಡೆಯಿರುವುದರಿಂದ ಹಲಗೆಗಳನ್ನು ಹತ್ತಿರ ತಂದಂತೆ ಒಟ್ಟು ಶಕ್ತಿಯು ಇಳಿಯುವುದು. ಆದರ್ಶ ಹಲಗೆಗಳು ಒಂದು ಮೈಕ್ರೋಮೀಟರ್ ದೂರದಲ್ಲಿದ್ದರೆ ಈ ಒತ್ತಡ ತೀರ ಅಲ್ಪ; ೧೦ ನ್ಯಾನೋಮೀಟರಿಗೆ ಬಂದರೆ ಹತ್ತು ಕೋಟಿಪಟ್ಟು ಬೆಳೆದು ನಮ್ಮ ಸುತ್ತಲಿನ ವಾಯುವಿನ ಒತ್ತಡವನ್ನೇ ಮೀರುವುದು.

ರಾಡಿಯ ಚಿಂತೆಯಿಂದ ಹೊರಟು ನಿರ್ವಾತದ ಸ್ವರೂಪಕ್ಕೆ ತಲುಪಿದ ಈ ಪಯಣವು ವಿಜ್ಞಾನದ ಚರಿತ್ರೆಯಲ್ಲಿ ಅಪೂರ್ವವಾದುದು. ವಿಚಿತ್ರವೆಂದರೆ ಭೌತವಿಜ್ಞಾನಿಗಳು ಅದರ ಮೂಲವನ್ನು ಬಹುಮಟ್ಟಿಗೆ ಮರೆತು ನಿರ್ವಾತವನ್ನು ಮಾತ್ರ ನೆನಪಿಟ್ಟುಕೊಂಡರು. ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ರಷ್ಯದ ಲಿಫ್‌ಷಿತ್ಸ್ ೧೯೫೦ರ ದಶಕದ ನಡುವಿನಲ್ಲಿ ಯಾವುದೇ ಪದಾರ್ಥಕ್ಕೂ ಅನ್ವಯವಾಗುವ ಸೂತ್ರವನ್ನು ಕೊಟ್ಟಾಗ, ಹತ್ತಿರದ ಲಂಡನ್ ಸೆಳೆತ ಮತ್ತು ದೂರದ ಕಾಸಿಮಿರ್ ಸೆಳೆತ ಒಂದೇ ಬಲದ ಎರಡು ರೂಪಗಳೆಂಬುದು ಖಚಿತವಾಯಿತು. ಫಿಲಿಪ್ಸ್‌ನ ಸ್ಪಾರ್ನೇ ೧೯೫೮ರಲ್ಲಿ ಲೋಹದ ಹಲಗೆಗಳ ನಡುವೆ ಅಳೆಯಲು ಯತ್ನಿಸಿದನಾದರೂ ನಿಖರತೆ ದೊರೆಯಲಿಲ್ಲ. ಕೇಂಬ್ರಿಜ್ಜಿನಲ್ಲಿ ಇಸ್ರೇಲಾಚ್‌ವಿಲಿ ಮತ್ತು ಟೇಬರ್ ೧೯೭೨ರಲ್ಲಿ ಅಭ್ರಕದ ಹಾಳೆಗಳ ನಡುವೆ, ಹತ್ತಾರು ನ್ಯಾನೋಮೀಟರುಗಳ ಅಂತರದಲ್ಲಿ ಒಂದು ರೂಪ ಇನ್ನೊಂದಕ್ಕೆ ತಿರುಗುವುದನ್ನು ಅಳೆದು ಕಂಡರು. ಲೋಹಗಳಿಗೆ ನಿಖರವಾದ ಅಳತೆಯು ಅಮೆರಿಕೆಯ ಲಾಮೊರೋನಿಂದ ೧೯೯೭ರಲ್ಲಿ, ಉಮರ್ ಮೊಹಿದೀನ್ ಮತ್ತು ಅನುಶ್ರೀ ರಾಯ್ ಇವರಿಂದ ಕ್ಯಾಲಿಫೋರ್ನಿಯದ ರಿವರ್‌ಸೈಡ್ ಎಂಬಲ್ಲಿ ೧೯೯೮ರಲ್ಲಿ ಬಂದಿತು.

ಕ್ವಾಂಟಮ್ ಬಲವು ದೂಡುವುದೂ ಉಂಟೆ? ಉಂಟು. ಎರಡು ಬೇರೆ ಬೇರೆ ಪದಾರ್ಥಗಳ ನಡುವೆ, ಗುಣದಲ್ಲಿ ಅವೆರಡಕ್ಕೂ ಮಧ್ಯಸ್ಥವಾದ ದ್ರವವೊಂದಿದ್ದರೆ ಬಲವು ವಿಕರ್ಷಣವಾಗುವುದೆಂದು ದ್ಜ್ಯಾಲೊಷಿನ್‌ಸ್ಕಿ, ಲಿಫ್‌ಷಿತ್ಸ್, ಪಿತಾಯೆವ್‌ಸ್ಕಿ ಇವರು ೧೯೬೧ರಲ್ಲಿ ಬರೆದಿದ್ದರು. ೨೦೦೯ರಲ್ಲಿ ಮಂಡೆ, ಕಪಾಸೊ ಮತ್ತು ಪರ್ಸೇಗಿಯನ್ ಚಿನ್ನದ ಗೋಲಿಗೂ ಸಿಲಿಕಾ ಹಲಗೆಗೂ ನಡುವೆ ಬ್ರೋಮೊಬೆಂಜೀನ್ ದ್ರವವನ್ನಿಟ್ಟು ಅದನ್ನು ಅಳೆದರು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ೨೦೦೬ರಲ್ಲಿ ಕೆನೆತ್ ಮತ್ತು ಕ್ಲಿಚ್ ಸಾಧಿಸಿದ ಪ್ರಮೇಯ: ಕನ್ನಡಿಯ ಬಿಂಬದಂತೆ ಸರಿಸಮನಾಗಿರುವ ಎರಡು ವಸ್ತುಗಳ ನಡುವೆ ಈ ಬಲವು ಯಾವಾಗಲೂ ಆಕರ್ಷಣವೇ. ಎರೆಮಣ್ಣಿನ ಎರಡು ಹಾಳೆಗಳು ಅಂಥ ಜೋಡಿ. ಆದುದರಿಂದ ನೀರಿನೊಳಗೂ ಅವುಗಳ ನಡುವಿನ ಕ್ವಾಂಟಮ್ ಬಲವು ಸೆಳೆಯಲೇಬೇಕು. ಕಾಲುವೆಯ ನೀರು, ಮಳೆಯ ನೀರು, ಉಪ್ಪು, ಗೊಬ್ಬರ, ಯಾವುದೂ ಈ ಸೆಳೆತವನ್ನು ಹೆಚ್ಚಾಗಿ ಬದಲಿಸಲಾರದು. ಮನುಷ್ಯನ ಕೈ ತಲುಪುವುದು ದೂಡುವ ಬಲವನ್ನು ಮಾತ್ರ. ಅಭ್ರಕದಂಥ ದಪ್ಪ ಹಾಳೆಗಳಿಗೆ ಲೆಕ್ಕ ಹಾಕಿದರೆ, ನೀರಿನಲ್ಲಿ ಒಂದು ನ್ಯಾನೋಮೀಟರ್ ಅಂತರದಲ್ಲಿ ಸೆಳೆತದ ಒತ್ತಡ ಸುಮಾರು ಹತ್ತು ವಾಯುಭಾರ; ೧೦ ನ್ಯಾನೋಮೀಟರಿಗೆ ಸರಿದರೆ ವಾಯುಭಾರದ ನೂರರಲ್ಲೊಂದು ಪಾಲು. ಹಾಳೆಗಳು ಹತ್ತಿರವಿದ್ದಷ್ಟು ಕಾಲ ಹಿಡಿತ ಭದ್ರ. ಒಮ್ಮೆ ದೂರ ಸರಿದವೆಂದರೆ ಹಿಡಿತವು ಹೆಸರಿಗೆ ಮಾತ್ರ.

ಇದೇ ಕಾಲದಲ್ಲಿ ಮಣ್ಣಿನ ಶಾಸ್ತ್ರವೂ ಇತ್ತಲಿಂದ ಇದೇ ಸ್ಥಳಕ್ಕೆ ಬಂದು ಮುಟ್ಟಿತು. ಆಸ್ಟ್ರೇಲಿಯದ ನಾರಿಶ್ ೧೯೫೪ರಲ್ಲಿ ಮಾಂಟ್‌ಮೊರಿಲೊನೈಟಿನ ಪದರದಿಂದ ಪದರಕ್ಕಿರುವ ಅಂತರವನ್ನು ಕ್ಷಕಿರಣಗಳಿಂದ ಅಳೆದನು. ಕ್ಯಾಲ್ಸಿಯಂ ಹಿಡಿದ ಜೇಡಿಯಲ್ಲಿ ಈ ಅಂತರವು ಸುಮಾರು ೧.೯ ನ್ಯಾನೋಮೀಟರಿಗೆ ಬಂದು ನಿಂತುಬಿಡುವುದು. ಶುದ್ಧ ನೀರಿನಲ್ಲಿಯೂ ಮುಂದಕ್ಕೆ ಹೋಗದು. ಸೋಡಿಯಂ ಹಿಡಿದ ಜೇಡಿಯು ಉಪ್ಪುನೀರಿನಲ್ಲಿ ಅದೇ ಅಂತರದಲ್ಲಿರುವುದು. ಆದರೆ ಉಪ್ಪು ತೆಳುವಾಗುತ್ತ ಬಂದಂತೆ ಒಂದು ಹಂತದಲ್ಲಿ ಸುಮಾರು ೪ ನ್ಯಾನೋಮೀಟರಿಗೆ ಒಮ್ಮೆಲೇ ನೆಗೆದು, ಅನಂತರ ತೆಳುವಾದಷ್ಟೂ ಬಿಡಿಸಿಕೊಳ್ಳುತ್ತಲೇ ಹೋಗುವುದು. ಮರುವರ್ಷ ಕ್ವರ್ಕ್ ಮತ್ತು ಸ್ಕೋಫೀಲ್ಡ್ ಇದರ ಹೊಲದ ಅರ್ಥವನ್ನು ತಿಳಿಸಿದರು: ಮಣ್ಣಿನಲ್ಲಿ ಸೋಡಿಯಂ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಹರಿಯುವ ನೀರಿನಲ್ಲಿ ಇಂತಿಷ್ಟು ಉಪ್ಪು ಇರಲೇಬೇಕು, ಅದಕ್ಕಿಂತ ಕಡಿಮೆಯಾದರೆ ನೀರು ಇಳಿಯುವ ವೇಗ ಕುಸಿಯುವುದು. ಲೇಖನದ ಆರಂಭದಲ್ಲಿ ಹೇಳಿದ ಒಗಟು ಇಲ್ಲಿ ಬಿಡುವುದು. ಸೋಡಿಯಂ ಹಿಡಿದ ನೆಲವನ್ನು ಅಷ್ಟು ದಿನ ಕಟ್ಟಿಹಿಡಿದಿದ್ದುದು ಆ ಉಪ್ಪೇ. ಮಳೆಯು ಉಪ್ಪನ್ನು ತೊಳೆದಾಗ ಸೋಡಿಯಂ ಮಾತ್ರ ಹಾಳೆಗಳಲ್ಲಿ ಉಳಿದು, ಅಯಾನುಗಳ ಮೋಡ ಹಿಗ್ಗಿ, ಹಾಳೆಗಳು ಸೆಳೆತದ ಎಲ್ಲೆಯಿಂದಾಚೆಗೆ ಸರಿದು, ಬಿಡಿಯಾದ ಜೇಡಿ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಳ್ಳುವುದು. ಜವಳು ಹೀಗೆ ಸವಳಿನ ಮಗು.

ಕ್ಯಾಲ್ಸಿಯಂ ಜೇಡಿಯು ಅಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಡಿ.ಎಲ್.ವಿ.ಒ. ಸಿದ್ಧಾಂತವೊಂದೇ ಸಾಲದೆಂಬುದನ್ನೂ ಇಲ್ಲಿ ಹೇಳಬೇಕು. ಜೋಡಿ ವಿದ್ಯುದಂಶದ ಅಯಾನುಗಳು ಮೋಡದೊಳಗೆ ಒಂದನ್ನೊಂದು ಗಮನಿಸಿ ಜಾಗ ಹಿಡಿಯುವುದರಿಂದ ವಿದ್ಯುತ್ತಿನ ಬಲವೇ ಸಮೀಪದಲ್ಲಿ ಸೆಳೆತವಾಗಿ ಮಾರ್ಪಡಬಹುದೆಂದು ಸ್ವೀಡನ್ನಿನ ಗುಲ್ಡ್‌ಬ್ರಾಂಡ್ ಮತ್ತು ಸಂಗಡಿಗರು ೧೯೮೪ರಲ್ಲಿ ಗಣಕಯಂತ್ರದ ಲೆಕ್ಕದಿಂದ ತೋರಿಸಿದರು. ೧೯೮೮ರಲ್ಲಿ ಕೆಲಾಂಡರ್, ಮಾರ್ಚೆಲ್ಯಾ ಮತ್ತು ಅದೇ ಕ್ವರ್ಕ್ ಅದನ್ನು ಕ್ಯಾಲ್ಸಿಯಂ ಜೇಡಿಗೆ ಅನ್ವಯಿಸಿದರು. ಕ್ವಾಂಟಮ್ ಸೆಳೆತಕ್ಕೆ ಇದು ಸೇರಿಕೊಂಡಾಗ ಹಾಳೆಗಳು ಬಿಟ್ಟುಹೋಗುವುದಿಲ್ಲ. ಅತಿ ಸಮೀಪದಲ್ಲಿ ಹಾಳೆಗೆ ಅಂಟಿದ ನೀರಿನ ಅಣುಗಳ ಪದರಗಳೂ ತಮ್ಮದೊಂದು ಬಲವನ್ನು ತೋರುವುವು. ಅದರ ವಿಸ್ತಾರ ಇಲ್ಲಿ ಬೇಡ.

ಕಾಸಿಮಿರ್ ಬಲವನ್ನು ನಿಖರವಾಗಿ ಅಳೆದ ರಿವರ್‌ಸೈಡಿನಲ್ಲಿಯೇ ಅಮೆರಿಕೆಯ ಸರ್ಕಾರದ ಲವಣಮಣ್ಣಿನ ಪ್ರಯೋಗಶಾಲೆಯೂ ಇದೆ. ಉಪ್ಪುನೆಲಗಳ ಬಗ್ಗೆ ಅದು ೧೯೫೪ರಲ್ಲಿ ಹೊರತಂದ ಕೈಪಿಡಿಯು ಜಗತ್ತಿನ ಎಲ್ಲೆಡೆ ಪ್ರಮಾಣವಾಯಿತು. ಹಾಳೆಗಳಿಗೆ ಅಂಟಿದ ಅಯಾನುಗಳಲ್ಲಿ ನೂರಕ್ಕ�� ೧೫ಕ್ಕಿಂತ ಹೆಚ್ಚು ಸೋಡಿಯಂ ಇದ್ದರೆ ಅದು ಕ್ಷಾರಭೂಮಿಯೆಂಬ ಗೆರೆ ಅದರದೇ. ಉಬ್ಬುವ ಜೇಡಿ ಹೆಚ್ಚಾಗಿರುವ ನಮ್ಮ ಎರೆಯಲ್ಲಿ ಅದಕ್ಕಿಂತ ಕಡಿಮೆ ಸೋಡಿಯಮ್ಮಿನಲ್ಲಿಯೂ ಕೆಡುಕು ಕಾಣುವುದರಿಂದ ಈ ಗೆರೆಯನ್ನು ಕಣ್ಣುಮುಚ್ಚಿ ಹಿಡಿಯುವುದು ಸರಿಯಲ್ಲ.

ಕರ್ನಾಟಕದಲ್ಲಿ ಈ ಬಲಗಳ ಅಧ್ಯಯನವು ಹೊಲದ ಕಡೆಯಿಂದಲ್ಲ, ಕಟ್ಟಡದ ಕಡೆಯಿಂದ ಮೇಲೆದ್ದಿತು. ಕಪ್ಪು ಮಣ್ಣಿನ ಮೇಲೆ ಕಟ್ಟಿದ ಗೋಡೆ ಬಿರಿಯುವುದು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಮನೆಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಅವರು ಜಿ. ವೆಂಕಟಪ್ಪರಾವ್ ಅವರೊಂದಿಗೆ ೧೯೭೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಜೇಡಿಯನ್ನು ನೀರಿನಲ್ಲಿ ಮಾತ್ರವಲ್ಲದೆ ಬೇರೆ ಬೇರೆ ಸಾವಯವ ದ್ರವಗಳಲ್ಲಿಯೂ ತೊಯಿಸಿ ಒತ್ತಿನೋಡಿ, ಮಣ್ಣು ಹೊರುವ ಭಾರದ ಲೆಕ್ಕದಲ್ಲಿ ಕಣಗಳ ನಡುವಿನ ಆಕರ್ಷಣವನ್ನು ಕೂಡಿಸಿ ವಿಕರ್ಷಣವನ್ನು ಕಳೆಯಬೇಕೆಂದು ವಾದಿಸಿದರು. ೧೯೮೨ರಲ್ಲಿ ಶ್ರೀಧರನ್ ಮತ್ತು ಜಯದೇವ ಇವರು ಅಯಾನು ಮೋಡದ ಸಿದ್ಧಾಂತವನ್ನು ಜೇಡಿಯ ಕುಗ್ಗುವಿಕೆಗೆ ಹೊಂದಿಸಿದರು. ಒಂದೇ ಬಲಗಳು ಗೋಡೆಯನ್ನೂ ಬೆಳೆಯನ್ನೂ ಕೆಡಿಸುತ್ತಿರುವಾಗ ಎಂಜಿನಿಯರನೂ ಕೃಷಿತಜ್ಞನೂ ಬೇರೆ ಬೇರೆ ಪತ್ರಿಕೆಗಳನ್ನು ಓದುತ್ತಾರೆಂಬುದು ನಮ್ಮ ವಿದ್ಯಾಲಯಗಳ ಸ್ಥಿತಿಯನ್ನು ತೋರಿಸುತ್ತದೆ.

ಈಗ ಕೃಷ್ಣಾತೀರಕ್ಕೆ ಹಿಂದಿರುಗೋಣ. ಈ ಸೀಮೆಯ ಕಾಗದಪತ್ರಗಳು ಒಂದೆಡೆ ಇಲ್ಲ. ಅಥಣಿ ಮತ್ತು ಚಿಕ್ಕೋಡಿ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ೧೯೫೬ರಲ್ಲಿ ಇವೆಲ್ಲ ವಿಶಾಲ ಮೈಸೂರು ರಾಜ್ಯಕ್ಕೆ ಬಂದವು. ಕಾಗವಾಡವು ಅಥಣಿಯಿಂದಲೂ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಈಚೆಗೆ ಬೇರ್ಪಟ್ಟ ತಾಲ್ಲೂಕುಗಳು. ಬಾವಿಯಿಂದ ಎತ್ತು ಹೂಡಿ ನೀರೆತ್ತುತ್ತಿದ್ದ ಕಾಲದಲ್ಲಿ ನೀರಿಗೆ ಎತ್ತಿನ ಶಕ್ತಿಯೇ ಮಿತಿಯಾಗಿದ್ದಿತು; ಬಾವಿಯು ನೆಲದಡಿಯ ನೀರನ್ನೇ ಮೇಲೆತ್ತುವುದರಿಂದ ಜಲಮಟ್ಟವು ಏರುವ ಬದಲು ಇಳಿಯುತ್ತಿದ್ದಿತು. ಘಟಪ್ರಭೆಗೆ ಧೂಪದಾಳದಲ್ಲಿ ೧೮೯೭ರಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆ ತೆಗೆದದ್ದು ಹೊರಗಿನ ನೀರನ್ನು ಎರೆಗೆ ತಂದ ಮೊದಲ ದೊಡ್ಡ ಕೆಲಸ. ಉಗಾರದಲ್ಲಿ ೧೯೩೯ರಲ್ಲಿ ಸಕ್ಕರೆ ಕಾರಖಾನೆ ಸ್ಥಾಪನೆಯಾಗಿ ಕಬ್ಬಿಗೆ ಬೇಡಿಕೆ ಹುಟ್ಟಿತು. ಸ್ವಾತಂತ್ರ್ಯಾನಂತರ ವಿದ್ಯುತ್ ಪಂಪುಗಳು ಬಂದು ನದಿಯಿಂದ ನೇರವಾಗಿ ನೀರೆತ್ತುವುದು ಹಬ್ಬಿತು. ೧೯೭೭ರಲ್ಲಿ ಹಿಡಕಲ್ ಜಲಾಶಯ ಪೂರ್ತಿಯಾಗಿ ರಾಯಬಾಗ, ಚಿಕ್ಕೋಡಿಗಳತ್ತ ಕಾಲುವೆಯ ನೀರು ಹೆಚ್ಚಿತು. ವರ್ಷವಿಡೀ ನೀರು ಕುಡಿಯುವ ಕಬ್ಬು ಹಿಂಗಾರಿ ಜೋಳದ ಹೊಲಕ್ಕೆ ಬಂದಿತು. ನೆಲದಡಿಯ ನೀರು ಮೇಲೇರಿ ಬಿಸಿಲಿಗೆ ಆರಿದಾಗ ಅದರೊಳಗಿನ ಕ್ಯಾಲ್ಸಿಯಂ ಮೊದಲು ಸುಣ್ಣದ ಹರಳಾಗಿ ಗಟ್ಟಿಕಟ್ಟುವುದು. ಸುಲಭವಾಗಿ ಹರಳುಗಟ್ಟದ ಸೋಡಿಯಂ ದ್ರಾವಣದಲ್ಲಿ ಉಳಿದು ಹಾಳೆಗಳ ನಡುವೆ ಕ್ಯಾಲ್ಸಿಯಮ್ಮಿನ ಸ್ಥಾನವನ್ನು ಹಿಡಿಯುವುದು. ಎರೆಯಲ್ಲಿ ಅಗೆದಲ್ಲೆಲ್ಲ ದೊರೆಯುವ ಸುಣ್ಣದ ಹರಳುಗಳಲ್ಲಿ ನೆಲವನ್ನು ಕಾಯಬಲ್ಲ ಕ್ಯಾಲ್ಸಿಯಂ ಬೇಕಾದಷ್ಟಿದೆ. ನೀರಿನಲ್ಲಿ ಕರಗದ ಕಾರಣ ಪ್ರಯೋಜನಕ್ಕೆ ಬಾರದು.

ಹಳೆಯ ವರದಿಗಳಿಂದ ಹಿಡಿದು ಇಂದಿನ ಭಾಷಣಗಳವರೆಗೆ ಇದಕ್ಕೆಲ್ಲ ರೈತನ ಅತಿನೀರಾವರಿಯೇ ಕಾರಣವೆಂಬ ಮಾತು ಕೇಳಿಬರುತ್ತದೆ. ಇದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ. ದಖ್ಖಣದ ಕಾಲುವೆಗಳನ್ನು ತೋಡಿದಾಗ ನೀರು ತರುವ ದಾರಿಯನ್ನು ಕಟ್ಟಿದರೇ ವಿನಾ ಹೆಚ್ಚಾದ ನೀರು ಹೊರಹೋಗುವ ಬಸಿಗಾಲುವೆಗಳನ್ನು ಜೊತೆಯಲ್ಲಿಯೇ ಕಟ್ಟಲಿಲ್ಲ. ನೀರನ್ನು ಮಿತವಾಗಿ ಹಾಯಿಸಿದವನ ಹೊಲವೂ ಮೇಲಿನ ಹೊಲದ ನೀರು ಬಸಿದುಬಂದು ತಗ್ಗಿನಲ್ಲಿ ಕೆಡುವುದುಂಟು. ಅಂಥವನನ್ನು ದುರಾಸೆಯ ರೈತನೆನ್ನಲು ಚರಿತ್ರೆಯ ಆಧಾರವಿಲ್ಲ, ಭೌತವಿಜ್ಞಾನದ್ದೂ ಇಲ್ಲ.

ದುರಸ್ತಿಯ ವಿಷಯದಲ್ಲಿಯೂ ಮೇಲ್ಕಂಡ ಬಲಗಳ ತಿಳಿವಳಿಕೆಯು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ನೆಲದಡಿಯಲ್ಲಿ ರಂಧ್ರಗಳುಳ್ಳ ಕೊಳವೆಗಳನ್ನು ಹೂತು ನೀರನ್ನು ಬಸಿಯುವ ಪದ್ಧತಿ ಸವಳು-ಜವಳು ಭೂಮಿಗೆ ತಕ್ಕುದೇ. ಆದರೆ ಸೋಡಿಯಂ ಹಿಡಿದ ಎರೆಗೆ ಕೊಳವೆ ಹಾಕಿ ಬರಿಯ ಸಿಹಿನೀರಿನಿಂದ ತೊಳೆದರೆ, ಉಪ್ಪು ಹೋಗಿ ಸೋಡಿಯಂ ಉಳಿದು, ನೀರು ಕೊಳವೆಯನ್ನು ಮುಟ್ಟುವ ದಾರಿಯೇ ಮುಚ್ಚಿಹೋಗಬಹುದು. ತೊಳೆಯುವ ಮುನ್ನ ಜಿಪ್ಸಂ ಸೇರಿಸಬೇಕು. ಒಂದು ಲೀಟರ್ ನೀರಿನಲ್ಲಿ ಎರಡೂವರೆ ಗ್ರಾಮಿನಷ್ಟೇ ಕರಗುವ ಈ ಖನಿಜಕ್ಕೆ ಆ ಅಲ್ಪತನವೇ ಗುಣ: ಅದು ನಿಧಾನವಾಗಿ ಕರಗುತ್ತ ಒಂದು ಕಡೆ ಕ್ಯಾಲ್ಸಿಯಮ್ಮನ್ನು ಹಾಳೆಗಳಿಗೆ ಒದಗಿಸುವುದು, ಇನ್ನೊಂದು ಕಡೆ ನೀರಿನಲ್ಲಿ ಮೋಡವನ್ನು ಕುಗ್ಗಿಸುವಷ್ಟು ಲವಣವನ್ನೂ ಉಳಿಸುವುದು. ಹೊರಬಿದ್ದ ಸೋಡಿಯಂ ಸಲ್ಫೇಟು ಕೊಳವೆಯ ಮೂಲಕ ಹೋಗಬೇಕು. ಥಾಮ್ಸನ್ನನ ಸೋಸುಗದಿಂದ ಇಳಿದುಬಂದ ಜಿಪ್ಸಂ ಇಲ್ಲಿ ಮೇಲಿನಿಂದ ಒಳಕ್ಕೆ ಹೋಗುತ್ತಿದೆ.

ಯಾವ ಹೊಲಕ್ಕೆ ಈ ಕ್ರಮ ಅಗತ್ಯವೆಂಬುದನ್ನು ಅರಿಯಲು ಎಮರ್ಸನ್ ಎಂಬ ವಿಜ್ಞಾನಿ ೧೯೬೭ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ಕಾಲೇಜಿನ ವಿದ್ಯಾರ್ಥಿಗಳೂ ಮಾಡಬಹುದು. ಒಣಗಿದ ಹೆಂಟೆಯ ಚಿಕ್ಕ ಚೂರೊಂದನ್ನು ಗಾಜಿನ ಲೋಟದಲ್ಲಿನ ಮಳೆನೀರಿನಲ್ಲಿ ಅಲುಗಿಸದೆ ಇಡಬೇಕು. ಕ್ಯಾಲ್ಸಿಯಂ ಹಿಡಿದ ಎರೆಯಾದರೆ ಚೂರು ಪುಡಿಪುಡಿಯಾಗಿ ಕುಸಿದರೂ ಸುತ್ತಲಿನ ನೀರು ತಿಳಿಯಾಗಿಯೇ ಇರುವುದು. ಸೋಡಿಯಂ ಹಿಡಿದುದಾದರೆ ಕೆಲವು ತಾಸುಗಳಲ್ಲಿ ಚೂರಿನ ಸುತ್ತ ಹಾಲಿನಂಥ ರಾಡಿ ಕವಿದು, ಮರುದಿನವೂ ತಳಕ್ಕಿಳಿಯದು. ಆ ರಾಡಿಗೆ ಚಿಟಿಕೆಯಷ್ಟು ಜಿಪ್ಸಂ ಪುಡಿಯನ್ನು ಹಾಕಿ ಕದಡಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಣಗಳು ಗಂಟುಗಂಟಾಗಿ ಇಳಿಯತೊಡಗಿ ಮೇಲಿನ ನೀರು ತಿಳಿಯಾಗುವುದು.